ಅರ್ಥಿಂಗ್

ಓಬಳೇಶನ ಮೋಟಾರು ರಿವೈಂಡಿಂಗ್ ಅಂಗಡಿಗೂ
ನನ್ನ ಜೆರಾಕ್ಸಿಗೂ ನಡುವೆ ಒಂದೇ ಗೋಡೆ,
ಅದೂ ಅರ್ಧ ಇಟ್ಟಿಗೆಯದು.
ಸುಟ್ಟ ವಾರ್ನಿಶಿನ ವಾಸನೆ ಈಚೆ ಬರುತ್ತದೆ,
ನನ್ನ ಟೋನರಿನ ಪುಡಿ ಆಚೆ ಹೋಗುತ್ತದೋ ಏನೋ
ಅವನು ಯಾವತ್ತೂ ಹೇಳಿಲ್ಲ.

ಹಗಲೆಲ್ಲ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಖಾನಾವಳಿಯ ಗ್ರೈಂಡರು.
ಹೊಟ್ಟೆ ಬಿಚ್ಚಿ, ಕರಕಲು ತಂತಿ ಕಿತ್ತು
ಹೊಸ ತಾಮ್ರ ಸುತ್ತುತ್ತಾನೆ, ತುಟಿಯಲ್ಲೇ ಎಣಿಸುತ್ತ.
ಸಂಜೆ ಷಟರು ಅರ್ಧ ಎಳೆದು
ಕೂದಲಿಗಿಂತ ತೆಳ್ಳನೆಯ ತಂತಿ
ಗಿಟಾರಿಗೂ ಸುತ್ತತೊಡಗಿದ.
ಏಳು ಸಾವಿರದ ತನಕ ಲೆಕ್ಕ ಇತ್ತು.
ಯಾರೋ ಬಂದು ಟೈಮೆಷ್ಟು ಅಂದರು, ತಪ್ಪಿತು.
ಬಿಚ್ಚಲಿಲ್ಲ, ಹಾಗೇ ಮುಂದುವರಿಸಿದ.
‘ಎಷ್ಟೋ ಸುತ್ತು’ ಅನ್ನುವುದೇ
ಮೊದಲ ತುಣುಕಿನ ಹೆಸರು.

ಮೊದಲ ಸಲ ಕೇಳಿದಾಗ ನನ್ನ ಮಿಷನ್ನೇ ಕೆಟ್ಟಿತು ಅಂದುಕೊಂಡೆ.
ಸ್ವಿಚ್ಚು ಆರಿಸಿದೆ. ನಿಲ್ಲಲಿಲ್ಲ.
ಪ್ಲಗ್ಗು ಕಿತ್ತೆ. ನಿಲ್ಲಲಿಲ್ಲ.
ಗೋಡೆಗೆ ಅಂಗೈ ಇಟ್ಟೆ:
ನೊಣ ಕೂತ ಹಸುವಿನ ಮೈ ಹಾಗೆ
ಅದಿರುತ್ತಿತ್ತು ಗೋಡೆ.

ಮಠದಲ್ಲಿ ಪೇಟಿ ಬಾರಿಸುವ ಪಾಲಾಕ್ಷಪ್ಪನವರು
ಒಂದು ದಿನ ಸ್ಟೂಲು ಎಳೆದುಕೊಂಡು ಕೂತರು.
ಹತ್ತು ನಿಮಿಷ. ಹದಿನೈದು.
ತಾಳಕ್ಕೆಂದು ತೊಡೆಯ ಮೇಲೆ ಬೆರಳು ತಯಾರು.
“ಶ್ರುತಿ ಹಿಡಿದದ್ದಾತು. ಪದ ಯಾವಾಗ?”
“ಇದೇರೀ.”
“ಇದು ಅಂದ್ರೆ?”
“ಇಷ್ಟೇ.”
ಎದ್ದು ಚಪ್ಪಲಿ ಹುಡುಕುತ್ತ ಅಂದರು:
“ಇದಕ್ಕೆ ಅರ್ಥ ಇಲ್ಲಪಾ.”
“ಅರ್ಥಿಂಗೇ ಇಲ್ರೀ,” ಅಂದ ಓಬಳೇಶ, ನಗದೆ,
“ಅದಕ್ಕೇ ಗುಂಯ್ ಅಂತೈತಿ. ಮುಟ್ಟಬ್ಯಾಡ್ರಿ, ಚುರುಕ್ ಅಂತೈತಿ.”

ಕ್ಯಾಸೆಟ್ಟಿಗೂ ಅದೇ ಹೆಸರು ಬಂತು.
ಮಂಡಿಪೇಟೆಯ ಮುಚ್ಚಿದ ಅಂಗಡಿಯೊಂದರಿಂದ
ಪ್ರವಚನದ ಹಳೇ ಕ್ಯಾಸೆಟ್ಟು ನಲವತ್ತು
ತೂಕಕ್ಕೆ ತಂದಿದ್ದ. ಅಳಿಸಿ ತುಂಬಿದ.
ಪೂರಾ ಅಳಿಯಲಿಲ್ಲ.
ಎರಡನೇ ಬದಿಯಲ್ಲಿ,
ಭಟ್ಟಿಯ ಕಾದ ಮರಳಿನಲ್ಲಿ ಮಂಡಕ್ಕಿ ಸಿಡಿದಂಥ ಗದ್ದಲದ ಅಡಿಯಿಂದ
ಯಾರೋ ಸ್ವಾಮಿಗಳು “ಆದ್ದರಿಂದ” ಅನ್ನುತ್ತಾರೆ.
ಆದ್ದರಿಂದ ಏನು, ತಿಳಿಯುವುದಿಲ್ಲ.
ನನಗೆ ಬಹಳ ಇಷ್ಟದ ಜಾಗ ಅದು.

ಮೇಲಿನ ಹಾಳೆಗೆ ಏನು ಹಾಕಲಿ ಅಂದೆ.
“ಏನೂ ಇಡಬ್ಯಾಡ. ಮುಚ್ಚಳ ತೆಗೆದು ಒತ್ತು.”
ಬರೀ ಗಾಜಿನ ಕೆಳಗೆ ಬೆಳಕು ಓಡಿತು,
ಹಾಳೆ ಕಪ್ಪಾಗಿ, ಬಿಸಿಯಾಗಿ ಹೊರಬಂತು.
ನಲವತ್ತು ಕಪ್ಪು. ಒಂದರ ಹಾಗೆ ಒಂದಿಲ್ಲ.
ಒಂದರಲ್ಲಿ ಟ್ಯೂಬ್‌ಲೈಟಿನ ಬೂದು ಗೀಟು,
ಒಂದರಲ್ಲಿ ಫ್ಯಾನಿನ ರೆಕ್ಕೆಯೋ, ಜೇಡರ ಬಲೆಯೋ,
ಹದಿನೇಳನೆಯದರಲ್ಲಿ ನನ್ನ ಬಳೆ, ಎರಡು—
ಗಾಜಿನ ಧೂಳು ಒರೆಸಲು ಹೋಗಿದ್ದೆ.
ಹರಿಯಲು ನೋಡಿದರೆ ಕಸಿದುಕೊಂಡ.
ಟೋನರಿನ ದುಡ್ಡು ಇನ್ನೂ ಕೊಟ್ಟಿಲ್ಲ.

ಹನ್ನೊಂದು ಹೋದವು. ಎರಡು ವಾಪಸು ಬಂದವು:
“ಟೇಪು ಸಿಕ್ಕೊಂಡೈತಿ, ಬರೀ ಗೊರ್ ಅಂತೈತಿ.”

ಕೊನೇ ತುಣುಕು ಒಂದು ಮಂಗಳವಾರದ್ದು.
ಲೈನು ಕೆಲಸಕ್ಕೆಂದು ಹತ್ತಕ್ಕೆ ಕರೆಂಟು ತೆಗೆಯುವವರಿದ್ದರು.
ಹತ್ತಕ್ಕೆ ಐದು ನಿಮಿಷ ಇರುವಾಗ ಶುರು ಮಾಡಿದ,
ಸೆಲ್ಲು ಹಾಕಿದ ರೆಕಾರ್ಡರು ಪಕ್ಕದಲ್ಲಿ.
ಗುಂಯ್‌ಗುಡುತ್ತ, ಉಬ್ಬುತ್ತ, ಇನ್ನೇನು ಷಟರು ಕಿತ್ತುಬರಬೇಕು,
ಕಟ್.
ತಂತಿಯಲ್ಲಿ ಉಳಿದದ್ದು ಒಂದು ಗಳಿಗೆ.
ಆಮೇಲೆ ಅಶೋಕ ರೋಡಿನ ಗೇಟು ಬೀಳುವ ಗಂಟೆ,
ಮುಗಿಯದ ಒಂದು ಗೂಡ್ಸು,
ಆಮೇಲೆ ಅದೂ ಇಲ್ಲ:
ಫ್ರಿಜ್ಜು, ಫ್ಯಾನು, ಮೂಲೆಯ ಟ್ರಾನ್ಸ್‌ಫಾರ್ಮರು,
ಇಡೀ ಬೀದಿ ಉಸಿರು ಬಿಟ್ಟಂತೆ.
ಇಷ್ಟು ವರ್ಷ ಅಂಗಡಿಯೊಳಗೆ ನನ್ನ ಜೊತೆ ಯಾರೋ ಕೂತಿದ್ದರು,
ಎದ್ದು ಹೋದಾಗಲೇ ನನಗೆ ತಿಳಿದದ್ದು.

ತೀರಾ ಕೊನೆಗೆ, ಗೋಡೆಯಾಚೆಯಿಂದ, ಹೆಂಗಸೊಬ್ಬಳು ಕೇಳುತ್ತಾಳೆ:
“ಓಬಳೇಶಾ, ನಿಂದೂ ಹೋತಾ?”
ನನ್ನ ದನಿ ಅಷ್ಟು ಸಣ್ಣದೆಂದು ಗೊತ್ತಿರಲಿಲ್ಲ.
ಅವನು ಏನೋ ಅಂದದ್ದು ನೆನಪಿದೆ.
ಅಷ್ಟರಲ್ಲಿ ಟೇಪು ಮುಗಿದಿತ್ತು.