ಐದನೆಯ ಲೇನು

ನಾಲ್ಕನೆಯದು ಯಾವಾಗಲೂ ಚಿಲ್ಲಾಳದು.
ಅರ್ಹತಾ ಸುತ್ತಿನಲ್ಲಿ ಮೊದಲು ಬಂದವರಿಗೆ ನಾಲ್ಕು,
ಎರಡನೆಯವರಿಗೆ ಐದು.
ಹನ್ನೊಂದು ವರ್ಷ ನನ್ನ ವಿಳಾಸ ಅದೇ.

ಸೊಲ್ನೋಕಿನ ಪತ್ರಿಕೆಯ ಹುಡುಗನೊಬ್ಬ ಬಂದಿದ್ದ:
ಪಕ್ಕದಲ್ಲೇ ಇದ್ದವರು ನೀವು,
ಅವರು ಹೇಗೆ ಈಜುತ್ತಿದ್ದರು, ಹೇಳಿ.
ನಾನು ನೋಡಿಲ್ಲವಪ್ಪ, ಅಂದೆ.
ನಂಬಲಿಲ್ಲ.

ಬಟರ್‌ಫ್ಲೈಯಲ್ಲಿ ಪಕ್ಕಕ್ಕೆ ತಿರುಗಿದರೆ ಕೆಟ್ಟೆ.
ಗದ್ದ ನೀರ ಮೇಲೆ ಜಾರಬೇಕು, ಒಂದು ಗುಟುಕು ಗಾಳಿ,
ಮತ್ತೆ ತಲೆ ಒಳಗೆ.
ಅವಳು ನನಗೆ ಗೊತ್ತಿದ್ದದ್ದು ಸದ್ದಾಗಿ,
ಒದ್ದೆ ಕಂಬಳಿ ಕಲ್ಲಿಗೆ ಬಡಿದ ಹಾಗೆ,
ಮತ್ತೆ ಹಗ್ಗದಡಿ ನುಸುಳಿ ಬಂದು
ನನ್ನ ಪಕ್ಕೆಲುಬಿಗೆ ಗುದ್ದುವ ಅಲೆಯಾಗಿ.
ಚಿಟ್ಟೆಯಂತೆ!
ಹೆಸರಿಟ್ಟವನು ದಡದಲ್ಲಿ ಕೂತಿದ್ದಿರಬೇಕು.

ತಿರುವಿನಲ್ಲಿ ಮಾತ್ರ
ಅವಳು ಗೋಡೆ ಒದ್ದು ವಾಪಸು, ನಾನಿನ್ನೂ ಗೋಡೆಯತ್ತ.
ಅರೆಕ್ಷಣ ನೀರೊಳಗೆ ಅವಳ ಮುಖ ಹಾದುಹೋಗುತ್ತಿತ್ತು
ಕೆನ್ನೆ ಉಬ್ಬಿಸಿಕೊಂಡು,
ಮಗುವಿಗೆ ಸೂಪು ಆರಿಸಿಕೊಡುವ ಅಜ್ಜಿಯ ಹಾಗೆ.
ಇದನ್ನು ಬರಕೋ, ಅಂದೆ.
ಅವನಿಗೆ ಬೇಕಿದ್ದದ್ದು ಪದಕಗಳ ಲೆಕ್ಕ.

ಜನವರಿಯ ಬೆಳಗಿನ ಐದು ಗಂಟೆ. ಬಯಲು ಕೊಳ,
ನೆಲದಾಳದ ಬಿಸಿನೀರು, ಕೈ ಕಾಣದಷ್ಟು ಹಬೆ.
ದೆಜೋ ಮಾಮ ಎಂದರೆ ಹಬೆಯೊಳಗಿನ ಒಂದು ಸೀಟಿ,
ಎರಡು ಬೈಗುಳ, ಪ್ಲಮ್ ಸಾರಾಯಿಯ ಘಾಟು.
ಬಸ್‌ಸ್ಟಾಪು ಮುಟ್ಟುವಷ್ಟರಲ್ಲಿ ನಮ್ಮ ಕೂದಲು
ಕಡ್ಡಿ ಕಡ್ಡಿಯಾಗಿ ಹೆಪ್ಪುಗಟ್ಟುತ್ತಿತ್ತು.
ಚಿಲ್ಲಾ ತನ್ನದೊಂದು ಎಳೆ ಲಟಕ್ಕನೆ ಮುರಿದು
ನನ್ನ ಅಂಗೈಗಿಟ್ಟು
'ತಗೋ, ಪದಕ' ಅನ್ನುತ್ತಿದ್ದಳು.
ಟಿಕೆಟ್ ತೆಗೆಯುವುದರೊಳಗೆ ಅದು ನೀರು, ಬರೀ ಕೂದಲು.

ಒಂದು ಜೂನ್ ಸಂಜೆ ಅಭ್ಯಾಸ ನಿಲ್ಲಿಸಿ
ಮಾಮ ನಮ್ಮನ್ನು ತಿಸಾ ನದಿಗೆ ಕರೆದೊಯ್ದರು.
ನೀರಿನಿಂದ ಲಕ್ಷ ಲಕ್ಷ ಹುಳ ಎದ್ದು
ನದಿಗೆ ನದಿಯೇ ಹೂ ಬಿಟ್ಟಂತೆ.
ಮೂರು ವರ್ಷ ಕೆಸರೊಳಗೆ, ಒಂದು ಸಂಜೆ ರೆಕ್ಕೆ, ಅಂದರು,
ಪಾಠದ ದನಿಯಲ್ಲಿ.
'ಒಂದಿಡೀ ಸಂಜೆಯಾ?' ಅಂದಳು ಚಿಲ್ಲಾ.
'ನಮಗೆ ನಾಲ್ಕು ವರ್ಷಕ್ಕೆ ಎರಡು ನಿಮಿಷ.'
ನಕ್ಕೆವು. ಬಾಯಿಗೆ ಹುಳ ಹೊಕ್ಕಿತು.

ಹದಿನೇಳಕ್ಕೆ ಯುರೋಪು, ಇಪ್ಪತ್ತೊಂದಕ್ಕೆ ಜಗತ್ತು.
ಟ್ರಾಮಿನ ಮೇಲೆ, ಚಾಕೊಲೇಟ್ ಹಾಳೆಯ ಮೇಲೆ ಅವಳ ತೋಳು.
ಕಟ್ಟೆಯ ಮೇಲೆ ನಾನು ಒಂದು ಮೆಟ್ಟಿಲು ಕೆಳಗೆ ನಿಂತು
ಅದೇ ನಾಡಗೀತೆ ಹಾಡಿದೆ,
ನನ್ನದೇ ದೇಶದ್ದು, ನನಗಾಗಿ ಅಲ್ಲ.
ದ್ವೇಷಿಸಲಿಲ್ಲವೇ ಎಂದ ಹುಡುಗ.
ಎರಡು ಚಳಿಗಾಲ, ಚೆನ್ನಾಗಿಯೇ.

ಆಮೇಲೆ ಡೆಬ್ರೆತ್ಸೆನ್. ಇಪ್ಪತ್ತೊಂಬತ್ತು ನಮಗಿಬ್ಬರಿಗೂ.
ನೂರೈವತ್ತರ ತಿರುವಿಗೆ
ಆ ಉಬ್ಬಿದ ಕೆನ್ನೆ ಬರಲಿಲ್ಲ.
ಹಗ್ಗದಡಿಯಿಂದ ಅಲೆಯೂ ಇಲ್ಲ.
ಅಷ್ಟು ನಿಶ್ಚಲ ನೀರಲ್ಲಿ ನಾನೆಂದೂ ಈಜಿರಲಿಲ್ಲ,
ದಾರಿ ತಪ್ಪಿದಂತಾಯಿತು.
ಗೋಡೆ ಮುಟ್ಟಿ ತಲೆ ಎತ್ತಿದರೆ ಫಲಕದ ಮೇಲುಗಡೆ ನನ್ನ ಹೆಸರು.
ಅವಳು ಹಿಂದೆ, ಕೊಳದ ನಡುವೆ,
ಎಡತೋಳಲ್ಲಿ ಹಗ್ಗಕ್ಕೆ ಜೋತುಬಿದ್ದು
ಚಾವಣಿಯ ದೀಪ ಎಣಿಸುತ್ತಿದ್ದಳು.

ಬಲಭುಜದಲ್ಲಿ ಈಗ ಮೂರು ತಿರುಪು.
ಮಂಗಳವಾರ ಅವಳ ನಾಲ್ಕನೆಯ ಮಹಡಿಗೆ ಹೋಗುತ್ತೇನೆ.
ಬಾಲ್ಕನಿಯ ತಂತಿ ಅವಳಿಗೆ ಎಟುಕುವುದಿಲ್ಲ.
ಅವಳು ಬಟ್ಟೆ ಹಿಂಡಿ ಕೊಡುತ್ತಾಳೆ, ನಾನು ಹರವುತ್ತೇನೆ.
ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ
ಅಂಗಿ ತಿರುಗಾಮುರುಗಾ ಆಯಿತೆಂದು ಬೈಯುತ್ತಾಳೆ,
ಮಾಮನ ಬೈಗುಳಗಳನ್ನೇ.

ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟದಿದ್ದರೆ
ನಮ್ಮ ಈಜಿನಲ್ಲಿ ಅನರ್ಹ.
ಕೆಳಗಿಳಿದು ರಸ್ತೆಯಿಂದ ತಿರುಗಿ ನೋಡಿದರೆ
ಒದ್ದೆ ಟವೆಲುಗಳ ನಡುವೆ
ಅವಳ ಒಂದೇ ಕೈ, ಎಡಗೈ.

ನಾನೂ ಒಂದೇ ಎತ್ತುತ್ತೇನೆ.