ಗಿಡ್ಡ ಕಾಲಿನ ಟೇಬಲ್ಲು

ದುರ್ಗದಬೈಲಿನ ಹಿಂದಿನ ಓಣ್ಯಾಗ
ಹಜರತಸಾಬ ನಾಲಬಂದರ ಅಂಗಡಿ ಒಳಗ
ರವಿವಾರ ಸಂಜಿಕ ನಾವು ಕೂಡತೀವಿ,
ಹೊಲಿಗಿ ಮಶೀನ ರಿಪೇರಿ ಮಾಡವರು,
ಆರು ಮಂದಿ, ಒಮ್ಮೊಮ್ಮೆ ಒಂಬತ್ತು.

ಒಬ್ಬಾಂವ ಕಿಸೆದಾಗಿಂದ ಬಾಬಿನ್ ಕೇಸ್ ತಗದು
ಪೇಪರಿನ ಮ್ಯಾಲಿಟ್ಟು ಕೇಳತಾನ:
ದಾರ ಯಾಕ ಹರೀತೈತಿ ನೋಡ್ರಪಾ.
ಕೈಯಿಂದ ಕೈಗೆ ದಾಟತೈತಿ ಅದು,
ಪ್ರಸಾದದಂಗಲ್ಲ, ಸಿಕ್ಕ ಕಳ್ಳನಂಗ.
ಉತ್ತರ ಸಿಕ್ಕರ ಚಾ ತರಸಬೇಕು,
ರೊಕ್ಕ ಕೇಳಿದಾಂವಂದು.
ಇಷ್ಟ ಕಾಯ್ದೆ. ಯಾರೂ ಬರದಿಟ್ಟಿಲ್ಲ.

ಟೇಬಲ್ಲಿನ ಒಂದು ಕಾಲು ಗಿಡ್ಡ,
ಚಾ ಯಾವಾಗಲೂ ಬಸಿಗೆ ಚಲ್ಲತಿತ್ತು.
ರಿಪೇರಿಯವರ ಟೇಬಲ್ಲು
ಯಾರು ರಿಪೇರಿ ಮಾಡಬೇಕು?

ನಾ ಕೇಶ್ವಾಪುರದಾಗ ಸ್ವಂತ ಅಂಗಡಿ ಹಾಕಿದ್ದೆ.
ಬ್ಯಾರಲ್ಲಿನ ಎಣ್ಣಿ ಸಣ್ಣ ಬಾಟ್ಲಿಗೆ ತುಂಬಿ
ನನ್ನ ಹೆಸರಿನ ಚೀಟಿ ಅಂಟಿಸಿದ್ದೆ,
ಪಾಸ್‌ಪೋರ್ಟ್ ಫೋಟೋ ಸಮೇತ.
ಆಮ್ಯಾಲೆ ಯಾರು ಏನ ಕೇಳಲಿ,
'ನನ್ನ ಅನುಭವದಾಗ ಹೇಳೂದಾದ್ರ...'
ಹೊಲಿಗಿ ತಪ್ಪತೈತಿ? ಎಣ್ಣಿ.
ಸಪ್ಪಳ ಬರತೈತಿ? ಎಣ್ಣಿ.
ಸೂಜಿ ಮುರೀತು? ಸೂಜಿಗೂ ಎಣ್ಣಿ.
ಚನ್ನವೀರಪ್ಪನ ಮಗಳಿಗೆ ವರ ಸಿಗವಲ್ದು ಅಂದಾಗ ಮಾತ್ರ
ಸುಮ್ಮನಿದ್ದೆ.

ಒಂದು ರವಿವಾರ ನನ್ನ ಹೇಂತಿ ತಮ್ಮ ಮೈಲಾರಿ
ಗುರುತಿಲ್ಲದ ಗಿರಾಕಿ ಆಗಿ ಬಂದ.
ನಾನ ಕರಸಿದ್ದೆ.
'ಈ ಎಣ್ಣಿ ಹಾಕಿದಾಗಿಂದ
ನಮ್ಮ ಮಶೀನ ಹಾಡಾಕತ್ತೈತಿ ನೋಡ್ರಿ' ಅಂದ,
ಬಾಯಿಪಾಠ, ಒಂದಕ್ಷರ ತಪ್ಪದಂಗ.
ಕಲಕಯ್ಯ ಚಶ್ಮಾ ತಗದು ಒರಸಿಕೊಂತ ಕೇಳಿದ:
'ತಮ್ಮಾ, ನಿಮ್ಮಕ್ಕನ ಲಗ್ನದಾಗ
ನಮ್ಮ ಎಲಿಗೆ ಎರಡನೇ ಸಲ
ಗೋದಿ ಹುಗ್ಗಿ ನೀಡಿದಾಂವ ನೀನ ಅಲ್ಲೇನು?'

ಯಾರೂ ನಗಲಿಲ್ಲ.
ನಕ್ಕಿದ್ರ ಚೊಲೊ ಇತ್ತು.

ನಮ್ಮವ್ವ ಜನತಾ ಬಜಾರದಾಗ
ಮೂವತ್ತು ವರ್ಷ ಮುಳಗಾಯಿ ಮಾರಿದಾಕಿ.
ಗಂಟಲ ಹರಿಯೂ ಹಂಗ ಒದರತಿದ್ಲು,
'ಎಳೀವು! ಬೆಣ್ಣಿಯಂಥಾವು!'
ಯಾರೂ ಮಾರಿ ತಿರುವಲಿಲ್ಲ.
ಬುಟ್ಟಿ ಮುಂದಿಟ್ಟು ಒದರತಿದ್ಲು, ಅದಕ್ಕ.
ಓಣಿಯಾಕಿ ಒಬ್ಬಾಕಿ ಕೂಸಿಗೆ ಹೊಟ್ಟಿನೋವು ಅಂತ
ರಾತ್ರಿ ಬಾಗಲಾ ಬಡದ್ರ
ಅಜವಾನ ಕೊಟ್ಟು ಕಳಿಸಿದ್ಲು.
ಮುಳಗಾಯಿ ಮಾತು ಎತ್ತಲಿಲ್ಲ.
ಇದು ನೆನಪಾದದ್ದು ಬಸ್ಸಿನ್ಯಾಗ,
ಮೈಲಾರಿ ಪಕ್ಕಕ್ಕ ಕುಂತು
'ಸರಿ ಹೇಳಿದ್ನಿಲ್ಲೋ ಮಾಮಾ?' ಅಂದಾಗ.

ಆವತ್ತ ಏಳೂ ಮುಂಚೆ
ನಾ ಹಂಚಿದ ಕಾರ್ಡು ಹಜರತಸಾಬರು ಎತ್ತಿಕೊಂಡು
ಬೆರಳಿಲೆ ತಿಕ್ಕಿ ನೋಡಿದ್ರು.
'ಕಾಗದ ದಪ್ಪೈತಿ. ಚೊಲೊ ಮಾಡಿಸಿ.'
ನಾಕು ಮಡಿಕಿ ಮಡಚಿ, ಬಗ್ಗಿ,
ಟೇಬಲ್ಲಿನ ಗಿಡ್ಡ ಕಾಲಿನ ಬುಡಕ ಇಟ್ಟರು.
ಚಾ ಚಲ್ಲೂದು ನಿಂತಿತು.

ಮೂರು ವಾರ ಹೋಗಲಿಲ್ಲ.
ನಾಕನೇ ವಾರ ಶಟಲ್ ಒಂದು ಕಿಸೆದಾಗ ಇಟಗೊಂಡು ಹೋದೆ,
ಖರೇನ ನನಗ ತಿಳೀದಿದ್ದು.
ತಿಳಿಸಿದ್ರು. ಚಾ ತರಿಸಿದೆ.
ಎಣ್ಣಿ ಬಾಟ್ಲಿ ಅಂಗಡ್ಯಾಗ ಧೂಳ ತಿಂದುವು,
ಫೋಟೋದಾಗಿನ ನಾ ಸೈತ.

ದೀಪಾವಳಿ ಹತ್ತರ ಬಂದಾಗ
ಕುಂದಗೋಳದ ದ್ಯಾಮವ್ವ
ಗೋಣಿಚೀಲದಾಗ ಪೀಕೋ ಮಶೀನ ಹೊತ್ತು ಬಂದ್ಲು.
'ಐವತ್ತು ಸೀರಿ ಬಿದ್ದಾವು, ತಿರಗವಲ್ದು,
ಇದು ಯಾರ ಕೈಲೆ ಆಗತೈತ್ರಿ?'
ಹಜರತಸಾಬರು ಮೊಣಕಾಲ ಹಿಡಕೊಂಡು ಬಗ್ಗಿ
ಟೇಬಲ್ಲಿನ ಬುಡಕಿನ ಕಾರ್ಡ ಎಳದ್ರು,
ಬೆಳಕಿಗೆ ಹಿಡದ್ರು.
'ನಂಬರ್ ಅಳಿಸೈತವ್ವಾ.
ಮನಶಾ ಇಲ್ಲೇ ಕುಂತಾನ.'
ಟೇಬಲ್ಲು ವಾಲಿತು,
ಚಾ ನನ್ನ ಪ್ಯಾಂಟಿನ ಮ್ಯಾಲೆ.

ಮಶೀನ ಮಗ್ಗಲ ಮಲಗಿಸಿ ಬಿಚ್ಚಿದೆ.
ಸ್ಪ್ರಿಂಗ್ ಸರಿ, ಹುಕ್ಕು ಸರಿ, ಟೈಮಿಂಗೂ ಸರಿ.
ಒಳಗೆಲ್ಲಾ ಒಣಾ ಒಣಾ,
ಎರಡು ವರ್ಷದಿಂದ ಹನಿ ಕಂಡಿಲ್ಲ.

ಏನು ಬೇಕಂತ ಗೊತ್ತಿತ್ತು. ಬಾಯಿ ಬರಲಿಲ್ಲ.

'ಹೇಳೋ,' ಅಂದ ಕಲಕಯ್ಯ.
ಎಲ್ಲಾರೂ ಬಸಿ ಕೆಳಗಿಟ್ಟು
ನನ್ನ ನೋಡಾಕತ್ತಿದ್ರು.