ಹುರಿ

ಆಜಾದ್ ನಗರದ ಮಂಡಕ್ಕಿ ಭಟ್ಟಿಗಳ ಹೊಗೆ
ನನ್ನ ಪ್ರಬಂಧದ ಮೂರನೇ ಅಧ್ಯಾಯಕ್ಕೂ ಹತ್ತಿದೆ.
ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ.
ಜೋಡಿ ಬದಲಿಸು, ಮತ್ತೆ ಬದಲಿಸು, ಮೊದಲಿನದೇ.
ಇದೊಂದು ಗುಂಪು, ಎಂದೆ.
"ಗುಂಪು ಅಂದ್ರೆ ಯೂನಿಯನ್ನಾ?"
ಕೇಳಿದರು ದಸ್ತಗೀರಜ್ಜ,
ಮೂವತ್ತೊಂದು ವರ್ಷ ಕಾಟನ್ ಮಿಲ್ಲಿನ ರಿಂಗ್ ಫ್ರೇಮಿನಲ್ಲಿ
ಹರಿದ ಎಳೆ ಕೂಡಿಸಿದವರು.

ಗಂಟು ಬಿದ್ದದ್ದು ನಾಲ್ಕನೆಯದರಲ್ಲಿ.
ಎರಡು ಎಳೆ, ತುದಿಯಿಲ್ಲದ ಬಳೆ;
ಒಂದನ್ನೊಂದು ಎಷ್ಟು ಸಲ ಸುತ್ತಿವೆಯೋ ಆ ಎಣಿಕೆ
ಎಳೆದರೂ ಹಿಂಡಿದರೂ ಬದಲಾಗದು.
ಮೂರು ಪುಟ ಹಿಡಿದಿತ್ತು ಸಾಧಿಸಲು.

ಅಜ್ಜ ಪೊಟ್ಟಣದ ದಾರ ಬಿಚ್ಚಿದರು.
ಒಂದು ತುದಿ ನನ್ನ ಬೆರಳಿಗೆ ಕೊಟ್ಟು ಹುರಿ ಹಾಕಿದರು,
ಹಾಕುತ್ತಲೇ ಇದ್ದರು.
ತುದಿಗಳು ಹತ್ತಿರ ಬಂದದ್ದೇ
ತನ್ನ ಮೇಲೆ ತಾನೇ ಏರಿ ಕುಳಿತಿತು ದಾರ.
"ಹುರಿ ಎಲ್ಲೂ ಹೋಗಲ್ಲಮ್ಮ.
ಮೈಯೊಳಗಿಂದ ಮೈಮೇಲೆ ಬರ್ತೈತೆ, ಅಷ್ಟೇ.
ಕಳೀಬೇಕಂದ್ರೆ ಕಡೀಬೇಕು. ಕಡಿದು, ತಿರುವಿ, ಕೂಡಿಸಿ...
ಅಷ್ಟರೊಳಗೆ ಮೇಸ್ತ್ರಿ ನೋಡಬಾರದು."

ಜೀವಕೋಶದಲ್ಲೂ ಒಬ್ಬನಿದ್ದಾನೆ, ಹೇಳಿದೆ,
ಕಡಿದು, ದಾಟಿಸಿ, ಕೂಡಿಸುವ ಕಿಣ್ವ.
"ಎಷ್ಟು ಪಾಳಿ?"
ಮೂರೂ ಪಾಳಿ, ಅಜ್ಜ. ಸೈರನ್ ಇಲ್ಲ.
"ಮಿಲ್ಲು ಮುಚ್ಚಿದ್ರೆ?"

ನಾನು ಬರೆದುಕೊಳ್ಳಲಿಲ್ಲ.
ಹಿಂದಿನ ಭಟ್ಟಿಯಲ್ಲಿ ಯಾರೋ ಅಕ್ಕಿ ಹುರಿಯುತ್ತಿದ್ದರು;
ಅದಕ್ಕೂ ಅದೇ ಪದ.
ಅಜ್ಜ ಹಲ್ಲಿನಿಂದ ದಾರ ಕಡಿದರು,
ಎರಡು ತುದಿ ಹೆಬ್ಬೆರಳಲ್ಲಿ ಹೊಸೆದರು.
ಎಲ್ಲಿ ಕೂಡಿತೆಂದು
ಕನ್ನಡಕ ಹಾಕಿಕೊಂಡರೂ ನನಗೆ ಕಾಣಲಿಲ್ಲ.